ವಲ್ಲಿಯ ಕೆಳಗಿನ ಕೈ

ಯಾವ ಕಾಲದ ಮಾತೋ, ಒಂದೂರಿತ್ತು. ಊರಿಗೊಂದು ಮೆಣಸಿನಕಾಯಿ ಪೇಟೆ. ಆ ಪೇಟೆಯಲ್ಲಿ ಚಂಪಕ್ಕ ಅಂತ ಒಬ್ಬಳಿದ್ದಳಂತೆ.

ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದವಳು. ಅವಳ ಉತ್ತರ ನೋಡಿ ಗುರುಗಳೇ ಎದ್ದು ನಿಂತರಂತೆ. ಬಂಗಾರದ ಪದಕ ಕೊಟ್ಟರಂತೆ. ಊರಿಗೆ ಬಂದು, ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ತೆರೆದಳು. ಅವಳು ಹಾದುಹೋದರೆ ತಕ್ಕಡಿ ತಾನಾಗಿ ನೆಟ್ಟಗಾಗುತ್ತಿತ್ತಂತೆ.

ಅದೇ ಪೇಟೆಯ ದಲಾಲಿ ದುಂಡಪ್ಪ. ಅವನ ಹೊಟ್ಟೆಯಲ್ಲಿ ಕೆಂಡ. ರೈತರು ಅವಳ ಕಡೆ ಹೊರಳಿದ್ದಕ್ಕಲ್ಲ. ಹೆಂಡತಿ ಬಾಳವ್ವ ರೊಟ್ಟಿ ಬಡಿಯುತ್ತಾ, "ಚಂಪಕ್ಕ ಹಿಂಗಂದ್ಲು, ಚಂಪಕ್ಕ ಹಂಗಂದ್ಲು" ಅನ್ನುತ್ತಿದ್ದಳಲ್ಲ, ಅದಕ್ಕೆ. ಅವನ ಮಾತು ಒಂದು ದಿನವೂ ಹಾಗೆ ಹೇಳಿದವಳಲ್ಲ.

ಆಗ ಧಾರಣೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಸ್ತ್ರ, ಅಂದರೆ ವಲ್ಲಿಯ ಕೆಳಗೆ ಕೈ ಹಿಡಿದು, ಬೆರಳಿಗಿಷ್ಟು ಅಂತ ಒತ್ತುವುದು. ಕೊಳ್ಳುವ ಸಾಹುಕಾರ ದಲಾಲಿಗೆ ಒತ್ತುವನು, ದಲಾಲಿ ರೈತನಿಗೆ ಒತ್ತುವನು. ನಡುವೆ ಒಂದೆರಡು ಬೆರಳು ಕಳೆಯುತ್ತಿದ್ದವು. ಕಂಡವರಾರು?

ಕೂಗಿ ಹೇಳಿ ಅಂದಳು ಚಂಪಕ್ಕ. ಅಂದು ಒಬ್ಬ ಮುದುಕಿಯ ರಾಶಿ ಬಂದಿತ್ತು. ಸಾಹುಕಾರ ದುಂಡಪ್ಪನಿಗೆ ಬೆರಳು ಒತ್ತಿಯಾಗಿತ್ತು. ದುಂಡಪ್ಪ ಚಂಪಕ್ಕನ ಮುಂದೆ ವಲ್ಲಿ ಹಾಸಿದ.

"ಪದಕದವ್ವಾ, ಮುದುಕಿ ಪರವಾಗಿ ನೀನ ಕೈ ಕೊಡು. ಇಲ್ಲಿ ಬಾಯಿ ಅಲ್ಲ, ಕೈ ಮಾತಾಡ್ತೈತಿ."

ಪರಗಂಡಸಿನ ಕೈ ಹಿಡಿಯಲಾರಳು, ಪೇಟೆಯ ಮುಂದೆ ಅವಳ ಮಾನ ಹೋಗಲಿ ಅಂತ ಅವನ ಹಂಚಿಕೆ.

ಚಂಪಕ್ಕ ನಕ್ಕಳಂತೆ. "ನನ್ನ ಕೈ ಯಾಕ ದುಂಡಣ್ಣಾ? ನಿನ್ನ ಮನಿಯಾಕಿ ಇಲ್ಲೇ ಕಾಯಿ ಆರಿಸಾಕ ಬಂದಾಳ. ಆಕಿ ಕೈ ಹಿಡಿ."

ಪೇಟೆಯೆಲ್ಲ ನಕ್ಕಿತು. ಬಾಳವ್ವ ವಲ್ಲಿಯ ಕೆಳಗೆ ಕೈ ಇಟ್ಟಳು. ಕಾಯಿ ಆರಿಸಿ ಆರಿಸಿ ಒರಟಾದ ಕೈ. ಮದುವೆಯ ಧಾರೆಯ ಹೊತ್ತಿಗೆ ದುಂಡಪ್ಪ ಹಿಡಿದದ್ದು. ಆಮೇಲೆ ಹಿಡಿದಿರಲಿಲ್ಲ.

ಸುಳ್ಳೇ ಒತ್ತಬೇಕು ಅಂತಿದ್ದ ದುಂಡಪ್ಪ. ಬೆರಳು ಅವನ ಮಾತು ಕೇಳಲಿಲ್ಲಂತೆ. ಸಾಹುಕಾರ ಹೇಳಿದ್ದನ್ನೇ ಒತ್ತಿತಂತೆ.

ಬಾಳವ್ವ ತವರಿನ ರಾಶಿ ಮಾರಿದವಳು. ಬೆರಳಿನ ಲೆಕ್ಕ ಬಲ್ಲವಳು. ಧಾರಣೆಯನ್ನು ಗಟ್ಟಿಯಾಗಿ ಕೂಗಿಬಿಟ್ಟಳು. ಅಷ್ಟು ದೊಡ್ಡ ಧಾರಣೆ ಅಲ್ಲಿ ಯಾರೂ ಕೇಳಿರಲಿಲ್ಲ.

"ಏ ದುಂಡಣ್ಣಾ, ಇಷ್ಟು ದಿನ ನಮ್ಮ ಬೆರಳೆಲ್ಲ ಎಲ್ಲಿ ಮೇಯಾಕ ಹೋಗಿದ್ದುವೋ?" ಅಂದ ಒಬ್ಬ ರೈತ.

ದುಂಡಪ್ಪನ ದಲಾಲಿ ಅಂದಿಗೆ ಮುಗಿಯಿತು. ಬಾಳವ್ವನ ಕೈ ಮಾತ್ರ ಬಿಟ್ಟಿರಲಿಲ್ಲಂತೆ.

ವಿಶ್ವವಿದ್ಯಾಲಯದಲ್ಲಿ, ಅಲ್ಲಿ ಓದಿ ಹೆಸರು ಮಾಡಿದವರ ಸಾಲಿನಲ್ಲಿ, ಚಂಪಕ್ಕನ ಪಟ ಹಾಕಿದರಂತೆ. ಬಾಳವ್ವ ತೀರಿದ ಮೇಲೆ ದುಂಡಪ್ಪ ಪೇಟೆಯ ಕಟ್ಟೆಗೆ ಬಂದು, ವಲ್ಲಿಯ ಕೆಳಗೆ ಕೈ ಇಟ್ಟು ಸುಮ್ಮನೆ ಕೂಡುತ್ತಿದ್ದನಂತೆ. ಯಾರಾದರೂ ಚಂಪಕ್ಕನನ್ನು ಹೊಗಳಿದರೆ ಉರಿದುಬೀಳುತ್ತಿದ್ದನಂತೆ.

"ಆ ದಿನ ವಲ್ಲಿ ಕೆಳಗ ಕೈ ಯಾರದಿತ್ತಲೇ?"

ಈಗಲೂ ಸುಗ್ಗಿಯ ಮೊದಲ ರಾಶಿಗೆ ದಲಾಲಿಗಳು ವಲ್ಲಿಯ ಕೆಳಗೆ ತಮ್ಮ ಹೆಂಡತಿಯ ಕೈ ಹಿಡಿಯುತ್ತಾರೆ. ಆಮೇಲೆ ವಲ್ಲಿ ಕೊಡವಿ ಧಾರಣೆ ಕೂಗುತ್ತಾರೆ. ಅದಕ್ಕೆ ಚಂಪಕ್ಕನ ಧಾರಣೆ ಅಂತಲೇ ಹೆಸರು.