ಶಿವನಂಜಮ್ಮನ ಸೌಟು

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯನವರು ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಅಚ್ಚು ಒತ್ತುವ ವಿದ್ಯೆ ಕಲಿಸುತ್ತಿದ್ದರು. ಚಿತ್ರಗಳಲ್ಲಿ ದೇವರಿಲ್ಲ, ರಾಜರಾಣಿಯರಿಲ್ಲ. ಚೊಂಬು, ಮೊರ, ಜರಡಿ, ಇಂಥವೇ. ಗುರುಗಳು "ಹೆಸರು ಹಾಕು" ಅನ್ನುವ ತನಕ ಶಿಷ್ಯ ತನ್ನ ಚಿತ್ರಕ್ಕೆ ಹೆಸರು ಹಾಕುವ ಹಾಗಿರಲಿಲ್ಲ.

ಮಲ್ಲರಾಜ ಬಂದು ಆರು ವರ್ಷವಾಗಿತ್ತು. ಜೊತೆಗೆ ಬಂದವರೆಲ್ಲ ಹೆಸರು ಹಾಕಿ ಊರು ಸೇರಿದ್ದರು. ಆ ಎರಡು ಮಾತಿಗೆ ಕಾದು ಕಾದು ಅವನಿಗೆ ಸಾಕಾಗಿಹೋಗಿತ್ತು.

ಅವನು ಚಿತ್ರ ಮುಗಿಸಿದಾಗಲೆಲ್ಲ ಗುರುಗಳು ಅದನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ಅಡುಗೆಯ ಶಿವನಂಜಮ್ಮ ಒಲೆಯ ಮುಂದಿನಿಂದಲೇ ಕತ್ತೆತ್ತಿ ನೋಡಿ, "ಚೆನ್ನಾಗದೆ ಕಣಪ್ಪ" ಅನ್ನುತ್ತಿದ್ದಳು. ಅದನ್ನು ಕೇಳಿದ ಗುರುಗಳು, "ಹಾಗಾದರೆ ಇನ್ನೊಂದು ಬರಿ" ಅನ್ನುತ್ತಿದ್ದರು. ಅಲ್ಲ, ಚೆನ್ನಾಗಿದೆ ಅಂದಮೇಲೆ ಇನ್ನೊಂದು ಯಾಕೆ? ಕೇಳುವ ಧೈರ್ಯ ಯಾರಿಗಿದೆ!

ಈ ಸಲ ಮಲ್ಲರಾಜ ಶಿವನಂಜಮ್ಮನ ಮರದ ಸೌಟನ್ನೇ ಕೇಳಿ ತಂದ. ಅವಳು ಇಪ್ಪತ್ತು ವರ್ಷ ಬಲಗೈಯಲ್ಲಿ ಪಾತ್ರೆಯ ತಳ ಕೆರೆದು ಅದರ ಎಡಗಡೆಯ ಅಂಚು ಸವೆದು ಓರೆಯಾಗಿತ್ತು. ದಿನಾ ಮಧ್ಯಾಹ್ನ ತರುವುದು, ಸಂಜೆ ಅಡುಗೆಗೆ ಮುಂಚೆ ವಾಪಸ್ಸು ಕೊಡುವುದು. ಹದಿನೈದು ದಿನ ಅದರ ಮುಂದೆ ಕೂತು, ಮೇಣ ಬಳಿದ ತಗಡಿನ ಮೇಲೆ ಸೂಜಿಯಿಂದ ಗೀರಿದ. ಯಾರಾದರೂ ಕರೆದರೂ ಕೇಳಿಸುತ್ತಿರಲಿಲ್ಲ.

ತಗಡನ್ನು ಆಸಿಡ್‌ನಲ್ಲಿ ಅದ್ದಿ, ಗೆರೆಗಳು ತಾಮ್ರಕ್ಕೆ ಇಳಿದ ಮೇಲೆ ಮಸಿ ಹಚ್ಚಿ ಒತ್ತಿದ. ಕಾಗದ ಎತ್ತಿ ನೋಡಿದ.

ಸವೆತ ಬಲಗಡೆಗೆ ಬಂದಿತ್ತು.

ತಗಡಿನ ಮೇಲೆ ಎಡಕ್ಕೆ ಬರೆದದ್ದು ಕಾಗದದ ಮೇಲೆ ಬಲಕ್ಕೆ ಬೀಳುತ್ತದೆ. ಅದಕ್ಕೇ ವಸ್ತುವನ್ನು ಕನ್ನಡಿಯಲ್ಲಿ ನೋಡಿ ಬರೆಯಬೇಕು. ಮೊದಲ ದಿನದ ಪಾಠ ಅದು. ಸೌಟು ನೋಡುವ ಭರದಲ್ಲಿ ಕನ್ನಡಿ ಇಡುವುದನ್ನೇ ಮರೆತಿದ್ದ. ಆರು ವರ್ಷ ಕಲಿತು ಎಂಥ ಎಡವಟ್ಟು!

ಬಚ್ಚಿಡೋಣ ಅಂದುಕೊಂಡ. ಅಷ್ಟರಲ್ಲಿ ಗುರುಗಳು ಬಂದೇಬಿಟ್ಟರು. ಕಾಗದವನ್ನು ಸುಮ್ಮನೆ ನೋಡಿದರು.

"ಶಿವನಂಜಮ್ಮನಿಗೆ ತೋರಿಸಿಕೊಂಡು ಬಾ."

"ಗುರುಗಳೇ, ಇದು ಹಾಳಾಗಿದೆ."

"ತೋರಿಸು ಅಂದೆ."

ಶಿವನಂಜಮ್ಮ ಕತ್ತೆತ್ತಿ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು, ಕಾಗದವನ್ನು ಬೆಳಕಿಗೆ ಹಿಡಿದಳು.

"ಯಾರದಪ್ಪಾ ಈ ಸೌಟು?"

"ನಿಮ್ಮದೇ ಅಮ್ಮ."

"ಸುಮ್ನಿರಪ್ಪ! ನಾನೇನು ಎಡಗೈಯವಳಾ? ಇದು ಯಾರೋ ಎಡಗೈಲಿ ತಿರುವೋ ಹೆಂಗಸಿಂದು. ಪಾಪ, ಅವಳೂ ನನ್ನಂಗೇ ತಳ ಕೆರ್ದು ಕೆರ್ದು ಬಡ್ಸಿದ್ದಾಳೆ. ಯಾವೂರವಳು?"

ಮಲ್ಲರಾಜ ತಲೆ ತಗ್ಗಿಸಿಕೊಂಡು ವಾಪಸ್ಸು ಬಂದ.

"ತನ್ನದಲ್ಲ ಅಂದರು ಗುರುಗಳೇ. ಯಾರೋ ಎಡಗೈಯವಳದಂತೆ. ಅವಳು ಯಾವೂರವಳು ಅಂತ ಬೇರೆ ಕೇಳಿದರು. ಈ ತಗಡನ್ನು ಹೊಳೆಗೆ ಎಸೆದುಬಿಡ್ತೀನಿ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎದ್ದು ಬಂದು ನೋಡಿದಳಾ?"

"ಹೂಂ."

"ಈ ಆರು ವರ್ಷದಲ್ಲಿ ಎಷ್ಟು ಸಲ ಎದ್ದು ಬಂದಿದ್ದಾಳೆ?"

ಮಲ್ಲರಾಜ ಯೋಚಿಸಿದ. "ಒಂದು ಸಲಾನೂ ಇಲ್ಲ."

ಗುರುಗಳು ತಗಡನ್ನು ಒರೆಸಿ, ಒಂದು ಸೂಜಿಯ ಜೊತೆ ಅವನ ಕೈಗಿಟ್ಟರು.

"ಹೆಸರು ಹಾಕು, ಮಾರಾಯ. ಅದನ್ನಾದರೂ ಉಲ್ಟಾ ಬರಿ."