ಬೀಜಕ್ಕೆ ಬಿಟ್ಟ ಕಾಯಿ

“ಬೀಜದ ಕುಂಬಳಕಾಯಿ ಮುಟ್ಟಬ್ಯಾಡ್ರಿ. ನಾ ಬಂದು ಕೊಯ್ತೀನಿ.”

ನನ್ನ ಹೆಂಡತಿ ಸಂಕವ್ವ ಆಸ್ಪತ್ರೆಗೆ ಹೊರಟಾಗ ಟಂಟಂ ಗಾಡಿ ಹತ್ತಿ ಹೇಳಿದ ಕಡೆಯ ಮಾತು ಇದು. ಹಣೆಗೆ ನಮ್ಮೂರ ಮಠದ ಪೂಜ್ಯ ಗುರುಲಿಂಗವ್ವ ತಾಯಿಯವರು ಕೊಟ್ಟ ವಿಭೂತಿ ಹಚ್ಚಿಕೊಂಡಿದ್ದಳು. ತಿರುಗಿ ಬರಲಿಲ್ಲ.

ಆ ಬೀಜ ಆಕೆ ತವರಿನಿಂದ ತಂದದ್ದು. ವರ್ಷಕ್ಕೊಂದು ಕಾಯಿ ಬೀಜಕ್ಕೆ ಬಿಟ್ಟು ತಳಿ ಉಳಿಸಿಕೊಂಡು ಬಂದಿದ್ದಳು. ಆ ತಳಿ ಈಗ ಮತ್ತೆಲ್ಲೂ ಇಲ್ಲ. ನಾನು ಆ ಕಾಯಿ ಮುಟ್ಟಲಿಲ್ಲ. ಬಳ್ಳಿಯನ್ನೇ ಮುಟ್ಟಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು, ಕೊಳೆರೋಗ ಬಿತ್ತು. ಬಾಡಿದ ಹೂ ಅಂಟಿದ ಕಡೆಯಿಂದ ಉಳಿದ ಕಾಯಿಗಳು ನೀರಾಗಿ, ಮೇಲೆ ಕರಿ ಕೂದಲಿನಂಥ ಬೂಷ್ಟು ಎದ್ದಿತು. ಒಂದರಿಂದ ಒಂದಕ್ಕೆ ಹತ್ತಿತು.

ಕೊಳೆತದ್ದೊಂದನ್ನು ಬುಟ್ಟಿಗೆ ಹಾಕಿಕೊಂಡು ಮಠಕ್ಕೆ ಹೋದೆ. ಬೈಯಬೇಕೆಂದೇ ಹೋದೆ.

ಮಠವೆಂದರೆ ತಗಡಿನ ಚಪ್ಪರ, ಒಂದು ಒಲೆ. ತಾಯಿಯವರು ನೆಲದ ಮೇಲೆ ಕುಳಿತು ದಾಸೋಹದ ಜೋಳ ಹಸನು ಮಾಡುತ್ತಿದ್ದರು. ಅವರ ಮುಂದೆ ಬುಟ್ಟಿ ಸುರಿದೆ.

ಅಡಿಗೆಯ ಈರವ್ವ ಮೂಗು ಮುಚ್ಚಿಕೊಂಡಳು. “ಏ ದುಂಡಪ್ಪ, ಕಾಯಿ ಕೊಡಾಕ ಬಂದ್ಯೋ, ನಾತ ಕೊಡಾಕ ಬಂದ್ಯೋ?”

“ನಿಮ್ಮ ವಿಭೂತಿ ಕೊಟ್ಟದ್ದು ಇದನ್ನs,” ಎಂದೆ.

ತಾಯಿಯವರು ಆ ಹೊಲಸನ್ನು ಕೈಯಲ್ಲಿ ಎತ್ತಿ ನೋಡಿದರು. “ಬೀಜದ ಕಾಯಿಗೂ ಹತ್ತೇತೇನು?”

“ಈಗ ಹತ್ತಾಕತ್ತೇತಿ.”

“ಕೊಯ್ಯಿ.”

“ತಾನs ಬಂದು ಕೊಯ್ತೀನಂದಾಳ.”

“ಆಕಿ ಬರೂದಿಲ್ಲ, ತಮ್ಮಾ.”

ಎರಡು ತಿಂಗಳಲ್ಲಿ ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಶಿವನ ಪಾದ ಸೇರಿದಳು ಎಂದೇ ಎಲ್ಲರೂ ಹೇಳಿದ್ದರು. ನಾನು ಕೂಗಿದೆ: “ಗೊತ್ತಿದ್ರ ಆವತ್ತs ಯಾಕ ಹೇಳಲಿಲ್ಲ?”

“ನನಗೇನು ಗೊತ್ತಿತ್ತು? ನಾನೂ ಬರ್ತಾಳಂತನs ತಿಳಿದಿದ್ದೆ.”

ತಾಯಿಯವರ ಕಣ್ಣಲ್ಲಿ ನೀರಿತ್ತು. ಎದ್ದರು. ಎಪ್ಪತ್ತು ದಾಟಿದ ಜೀವ, ಬರಿಗಾಲಲ್ಲಿ ಕೆಸರು ತುಳಿದು ನನ್ನ ಹೊಲಕ್ಕೆ ನಡೆದು ಬಂದರು. ನಾನು ಹಿಂದೆ ಬೈಯುತ್ತಲೇ ಬಂದೆ. ಅವರು ಬಳ್ಳಿಯ ನಡುವೆ ಕುಳಿತರು. ಕೊಳೆತ ಕಾಯಿ ಒಂದೊಂದಾಗಿ ಆರಿಸಿದರು, ಬಾಡಿದ ಹೂ ಕಿತ್ತರು. ಕುಣಿ ತೋಡಲು ಬಗ್ಗಿದಾಗ ಸಲಿಕೆ ಇಸಿದುಕೊಂಡು ನಾನೇ ತೋಡಿದೆ. ಎಲ್ಲ ಹೂತೆವು. ಬೀಜದ ಕಾಯಿಯನ್ನು ಮಾತ್ರ ತಾಯಿಯವರು ಮುಟ್ಟಲಿಲ್ಲ.

“ಅದು ನಿನ್ನ ಕೆಲಸ,” ಎಂದು ಹೋದರು.

ಮರುದಿನ ಮುಂಜಾನೆ ಕುಡುಗೋಲು ತೊಳೆದುಕೊಂಡು ಹೋದೆ. ಸಿಟ್ಟು ಇನ್ನೂ ಇತ್ತು. “ಬರ್ತೀನಂದಿದ್ದಿ ಅಲ್ಲ,” ಎಂದು ಆಕೆಗೇ ಬೈದೆ. ಕೊಯ್ದೆ. ತುದಿಗೆ ಎರಡು ಬೆರಳಿನಷ್ಟು ಕೊಳೆತಿತ್ತು. ಸೀಳಿ ನೋಡಿದರೆ ಒಳಗೆ ಬೀಜ ಬೆಳ್ಳಗೆ, ಗಟ್ಟಿಯಾಗಿ ಇತ್ತು. ಮಠದ ಕಡೆ ತಿರುಗಿ ಕೈಮುಗಿದೆ.

ಬೀಜ ತೊಳೆದು ಆಕೆಯ ಮೊರಕ್ಕೆ ಹಾಕಿದೆ. ಹುಳ ಹಿಡಿಯದಂತೆ ಬೀಜಕ್ಕೆ ಸವರಲು ಬೂದಿ ಬೇಕು. ಮನೆಯಲ್ಲಿ ಬೂದಿ ಇರಲಿಲ್ಲ. ಆಕೆ ಹೋದ ಮೇಲೆ ಒಲೆ ಉರಿದಿರಲಿಲ್ಲ.

ಒಲೆ ಹಚ್ಚಿದೆ.