ಗೌಡರ ಅಪ್ಪಣೆ ಕಾದ ತಳವಾರ

ಒಂದೂರಲ್ಲಿ ನೀಲವ್ವ ಅಂತ ಒಬ್ಬಾಕೆ. ಅವಳಿಗೆ ಒಬ್ಬನೇ ಮಗ, ಬರಮ. ಮೈಯಲ್ಲಿ ಎತ್ತಿನ ಬಲ, ತಲೆಯಲ್ಲಿ ಬರೀ ಗಾಳಿ. ಅಪ್ಪ ಸತ್ತ ಮೇಲೆ ಊರು ಕಾಯುವ ತಳವಾರಿಕೆ ಅವನ ಪಾಲಿಗೆ ಬಂತು. ಆ ಊರಲ್ಲಿ ಗೌಡರ ಬಾಯಿಮಾತೇ ಕಾನೂನು. ಗೌಡರು ಜಗಲಿ ಮೇಲೆ ಕೂತು ಹೇಳಿದರು:

"ಬೆಳೆಗೆ ಬಾಯಿ ಹಾಕಿದ ದನಾನ ಹಿಡಿದು ದೊಡ್ಡಿಗೆ ಹಾಕು. ಈ ಜಗಲಿ ಮ್ಯಾಲೆ ಕೂತು ನಾ ಬಿಡು ಅನ್ನೂತನಕ ಬಾಗಿಲಾ ತೆಗೀಬ್ಯಾಡ!"

"ಹೂಂರಿ" ಅಂದ ಬರಮ.

ಹೋದ. ಒಂದು ಎಮ್ಮೆ ಬೇಲಿ ಮೇಲಿಂದ ಜೋಳಕ್ಕೆ ಬಾಯಿ ಹಾಕಿತ್ತು. ಹಿಡಿದ, ದೊಡ್ಡಿಗೆ ಹಾಕಿದ. ನೋಡಿದರೆ ಅವನ ಮನೆಯದೇ ಎಮ್ಮೆ!

ನೀಲವ್ವ ಎದೆ ಎದೆ ಬಡಿದುಕೊಂಡಳು. "ಅದರ ಹಾಲಿನ ಮ್ಯಾಲೆ ನಮ್ಮ ಹೊಟ್ಟಿ ನಡೀತೈತಲ್ಲೋ! ಹಿಡಿಯೂ ಮೊದಲು ಯಾರದು ಅಂತ ಕೇಳಬಾರದೇನೋ?" ಗೌಡರ ಕಾಲಿಗೆ ಬಿದ್ದಳು. ಅಪ್ಪಣೆ ಆಗಲಿಲ್ಲ.

ಮರುದಿನ ಗೌಡರ ಹೊಲದಲ್ಲೇ ಯಾರದೋ ಹೋರಿ ಮೇಯುತ್ತಿತ್ತು. "ಯಾರದಪ್ಪಾ ನೀನು?" ಅಂತ ಬರಮ ಕೇಳಿದ. ಹೋರಿ ಮಾತಾಡಲಿಲ್ಲ. "ಹೇಳಪ್ಪಾ, ಯಾರದು?" ಮಾತಿಲ್ಲ. ಉತ್ತರ ಬರಲಿ ಅಂತ ಕುಕ್ಕರಗಾಲಲ್ಲಿ ಕೂತ. ಹೋರಿ ಹೊಲ ಮುಗಿಸಿ ಹೊರಟೇ ಹೋಯಿತು.

ಗೌಡರು ಊರ ಮಂದಿ ಮುಂದೆ ಹಾರಾಡಿದರು. "ಮೂಕ ಪ್ರಾಣಿನ ಏನ್ ಕೇಳ್ತೀಲೇ ಹುಚ್ಚಾ! ದನಾ ಬಿಟ್ಟಾವನ್ನ ಹಿಡಿದು ದೊಡ್ಡಿಗೆ ಹಾಕು! ಅಂವ ಯಾರರೇ ಇರಲಿ!"

"ಹೂಂರಿ."

ಮತ್ತೊಂದು ದಿನ ಗೌಡರೇ ತಮ್ಮ ಎತ್ತುಗಳನ್ನು ಬಡವಿಯೊಬ್ಬಳ ಜೋಳದೊಳಗೆ ಬಿಟ್ಟರು. ಅದು ಹಳೇ ಪದ್ಧತಿ. ಕಂಡವರು ಮುಖ ಆ ಕಡೆ ತಿರುಗಿಸುವುದೂ ಹಳೇ ಪದ್ಧತಿಯೇ. ನಮ್ಮ ಬರಮನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ನೋಡಿ. ಗೌಡರನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ, ದೊಡ್ಡಿಗೆ ತಂದು ಬಿಟ್ಟ, ಅಗಳಿ ಹಾಕಿದ. ಭಲೇ ಮಗನೇ!

"ಲೇ! ಕಾನೂನು ಮಾಡಿದಾವ ನಾನು!"

"ಹೌದ್ರಿ, ನೀವು ಹೇಳಿದಾಂಗ ಮಾಡೀನಿ. ಅಪ್ಪಣಿ ಕೇಳಿಕೊಂಡು ಬರ್ತೀನಿ, ಕೂಡ್ರಿ."

ಊರೆಲ್ಲ ನೆರೆಯಿತು. ಬಾಗಿಲಿಗೆ ಒಬ್ಬನೂ ಕೈ ಹಚ್ಚಲಿಲ್ಲ. ಒಳಗೆ ನೀಲವ್ವನ ಎಮ್ಮೆ ಗೌಡರ ರುಮಾಲು ಜಗಿಯುತ್ತಿತ್ತು.

"ನೀಲವ್ವಾ, ನಿನ್ನ ಎಮ್ಮೀನೂ ಬಿಡ್ತೀನಿ, ಮಗನ್ನ ಕರಿ!" ಅಂತ ಗೌಡರು ಕೂಗಿದರು.

ನೀಲವ್ವ ಓಡಿದಳು. ಮಗ ಗೌಡರ ಮನೆ ಜಗಲಿ ಕೆಳಗೆ ಕೈಕಟ್ಟಿ ನಿಂತಿದ್ದ. ಜಗಲಿ ಖಾಲಿ. ಅವನನ್ನು ನೋಡಿ ಅವಳ ಎದೆ ತುಂಬಿ ಬಂತು. ಆದರೂ ರೂಢಿ, ಬೈದಳು. "ಲೇ ಪೆದ್ದಾ, ಗೌಡ್ರು ದೊಡ್ಡಿಯೊಳಗ ಅದಾರೋ! ಬಿಡು ಅಂತ ಅವರೇ ಹೇಳ್ಯಾರ!"

"ಸುಮ್ನಿರಬೇ" ಅಂದ ಬರಮ. "ಗೌಡ್ರು ಬಂದು ಜಗಲಿ ಮ್ಯಾಲೆ ಕೂಡ್ರಲಿ. ಗೌಡ್ರ ಅಪ್ಪಣಿ ಇಲ್ದಾಂಗ ಗೌಡ್ರನ್ನ ಹ್ಯಾಂಗ ಬಿಡ್ಲಿ?"